ಹೆಡ್‌ಫೋನ್ ತಜ್ಞರಿಗೆ, ಬಟ್ಟೆಬೀರುವಿನೊಳಗಿಂದ

ಎರಡೂ ಕಿವಿಗಳ ಹಿತಚಿಂತಕರೂ, ‘ಶುದ್ಧ ನಾದ’ ಮಾಸಿಕದ ಸಲಹಾ ಅಂಕಣಕಾರರೂ ಆದ ಮಾನ್ಯರೇ,

ಪೋಲೆಂಡಿನ ವೂಚ್ ನಗರದ ನಾಲ್ಕನೇ ಮಹಡಿಯ ಮನೆಯೊಂದರಲ್ಲಿ, ಬಟ್ಟೆಬೀರುವಿನೊಳಗೆ ಚಳಿಗಾಲದ ಕೋಟುಗಳ ನಡುವೆ ಕುಳಿತು ಕೆಲಸ ಮಾಡುವ ಸೆವೆರಿನ್ ಪೊಟೊಚೆಕ್‌ನ ಅನಂತ ನಮಸ್ಕಾರಗಳು. ಹೊರಗಿನ ಸದ್ದನ್ನೂ ಒಳಬಿಡುವ ತೆರೆದ ಬೆನ್ನಿನ ಹೆಡ್‌ಫೋನ್ ಕೊಳ್ಳಲೇ, ಅದನ್ನು ತಡೆಯುವ ಮುಚ್ಚಿದ ಬೆನ್ನಿನದನ್ನು ಕೊಳ್ಳಲೇ ಎಂದು ಒಂದೇ ಸಾಲಿನಲ್ಲಿ ಕೇಳಿದ ನನಗೆ ತಾವು ಹನ್ನೊಂದು ಪುಟಗಳ ಉತ್ತರ ಬರೆದು, ಕೊನೆಗೆ ‘ಎರಡೂ ಒಳ್ಳೆಯವೇ, ನಿಮ್ಮ ಕಿವಿಯನ್ನೇ ಕೇಳಿ’ ಎಂದಿರಿ. ಇಷ್ಟು ದೂರ ಸುತ್ತಿಸಿ ಹೊರಟಲ್ಲಿಗೇ ತಂದು ಇಳಿಸುವ ಸೌಜನ್ಯ ನಮ್ಮೂರ ಟ್ರಾಮುಗಳಿಗೂ ಇಲ್ಲ.

ತಮಗೆ ಗೊತ್ತಿರುವಂತೆ, ನಮ್ಮ ಟಿವಿಗೆ ಬರುವ ಪರದೇಶದ ಸಿನಿಮಾಗಳಲ್ಲಿ ಮೂಲ ನಟರ ದನಿ ಅಡಿಯಲ್ಲಿ ಸಣ್ಣಗೆ ಕೇಳುತ್ತಿರುವಾಗ, ನಾಯಕ, ನಾಯಕಿ, ಕೊಲೆಗಾರ, ಪುಟ್ಟ ಮಗು ಎಲ್ಲರ ಮಾತನ್ನೂ ನಮ್ಮ ಭಾಷೆಯಲ್ಲಿ ಏರಿಳಿತವಿಲ್ಲದೆ ಓದುವವನು ಒಬ್ಬನೇ ಗಂಡಸು. ಮೂವತ್ತೊಂದು ವರ್ಷದಿಂದ ನಾನು ಆ ಗಂಡಸು. ಕೋಟುಗಳ ನಡುವೆ ದನಿ ಮಾರ್ದನಿಸುವುದಿಲ್ಲವೆಂದು ಬೀರುವಿನಲ್ಲೇ ಕುಳಿತು ರೆಕಾರ್ಡ್ ಮಾಡಿ ಕಳಿಸುತ್ತೇನೆ. ಕಿವಿಗೆ ಬಿದ್ದದ್ದು ಬಾಯಿಗೆ ಬರಬೇಕು, ನಡುವೆ ತಲೆ ಅಡ್ಡ ಬರಬಾರದು, ಇದೇ ಕಸುಬು. ತಮ್ಮ ಮೂರನೇ ಪುಟ ಹೊಗಳಿದ ‘ವಿಶಾಲ, ಸಹಜ’ ನಾದಕ್ಕೆ ಮರುಳಾಗಿ ತೆರೆದ ಬೆನ್ನಿನದನ್ನು ತಂದೆ. ಅದು ಎಷ್ಟು ವಿಶಾಲವೆಂದರೆ ನಮ್ಮ ಅಡುಗೆಮನೆಯೂ ಅದರೊಳಗೆ ಹಿಡಿಸಿತು. ನಾಯಕಿ ನಾಯಕನ ತೊಡೆಯ ಮೇಲೆ ಪ್ರಾಣ ಬಿಡುತ್ತಿದ್ದಾಗ ನನ್ನ ಹೆಂಡತಿ ಹಲೀನಾ ಒಲೆಯ ಬಳಿಯಿಂದ ಕೂಗಿದಳು. ನನ್ನ ಪಳಗಿದ ನಾಲಿಗೆ ಅದನ್ನೂ ಓದಿಬಿಟ್ಟಿತು: “ಬೀಟ್‌ರೂಟ್ ಸೂಪು ಆರಿಹೋಗ್ತಿದೆ, ಬರ್ತೀಯೋ, ಮೋರಿಗೆ ಸುರೀಲೋ?” ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ಪರೀಕ್ಷಿಸುವವರು, ಎಂದಿನಂತೆ, ಪರೀಕ್ಷಿಸಲಿಲ್ಲ. ಭಾನುವಾರ ಪೋಲೆಂಡೆಲ್ಲ ಕೇಳಿತು. ಕೆಲವರು ಅತ್ತರಂತೆ.

ಸ್ಟುಡಿಯೋದ ಯೋಲಾಂಟಾ ಮೇಡಂ ಫೋನ್ ಮಾಡಿ, “ಸೆವೆರಿನ್ ಅವ್ರೇ, ಇನ್ನೊಂದ್ಸಲ ನಿಮ್ಮನೆ ಸೂಪು ಕೇಳಿಸ್ತೋ, ನಿಮ್ಮ ಜಾಗದಲ್ಲಿ ಕಂಪ್ಯೂಟರ್ ಓದತ್ತೆ” ಎಂದರು. ಹೊಟ್ಟೆಪಾಡು ನೋಡಿ, ಮುಚ್ಚಿದ ಬೆನ್ನಿನದನ್ನು ತಂದೆ.

ಮಾನ್ಯರೇ, ಏಳನೇ ಪುಟದಲ್ಲಿ ತಾವು ಬಣ್ಣಿಸಿದ ‘ಪರಿಪೂರ್ಣ ನಿಶ್ಶಬ್ದ’ ಅಪ್ಪಟ ನಿಜ. ಕಳೆದ ಮಂಗಳವಾರ ಹಲೀನಾ ಬಚ್ಚಲುಮನೆಯಲ್ಲಿ ಜಾರಿಬಿದ್ದು, ಸೊಂಟದ ಮೂಳೆ ಮುರಿದುಕೊಂಡು, ನಲವತ್ತು ನಿಮಿಷ ನನ್ನ ಹೆಸರು ಕೂಗಿದಳು. ಆರು ಹೆಜ್ಜೆ ಆಚೆ ನಾನು ‘ನೀನು ಎಲ್ಲಿಂದ ಕರೆದರೂ ಓಡಿ ಬರುತ್ತೇನೆ, ಪ್ರಿಯೆ’ ಎಂದು ಸ್ಪಷ್ಟವಾಗಿ ಓದುತ್ತಿದ್ದೆ. ಆಸ್ಪತ್ರೆಯಿಂದ ಬಂದು ರೆಕಾರ್ಡಿಂಗ್ ಹಾಕಿ ಕೇಳಿದರೆ ನನ್ನ ದನಿಯ ಅಡಿಯಲ್ಲಿ, ಮೂಲ ನಟಿಯೇನೋ ಎಂಬಂತೆ, ಅವಳು ಸಣ್ಣಗೆ ಕರೆಯುತ್ತಲೇ ಇದ್ದಳು. ನನಗೆ ನಾಚಿಕೆಯಾಯಿತು, ಈಗಲೂ ಆಗುತ್ತಿದೆ.

ಆದ್ದರಿಂದ ಹಲೀನಾಳ ದನಿಯೊಂದನ್ನು ಒಳಬಿಟ್ಟು ಉಳಿದ ಲೋಕಕ್ಕೆಲ್ಲ ಬಾಗಿಲು ಹಾಕುವ, ಆದರೆ ಸೂಪಿನ ಮಾತು ಬಂದೊಡನೆ ತಾನಾಗಿ ಮುಚ್ಚಿಕೊಳ್ಳುವ ಹೆಡ್‌ಫೋನ್ ಒಂದನ್ನು ದಯಮಾಡಿ ಶಿಫಾರಸು ಮಾಡಬೇಕು. ಅಂಥದ್ದು ಇಲ್ಲವಾದರೆ, ಈಗ ಮನೆಗೆ ಬಂದು ಮಲಗಿರುವ ಅವಳು ಎದ್ದು ಓಡಾಡುವವರೆಗೆ ತಾವೇ ಬಂದು ಅವಳ ಹಾಸಿಗೆಗೂ ನನ್ನ ಬೀರುವಿಗೂ ನಡುವೆ ಕುಳಿತು, ಕರೆದಾಗಲೆಲ್ಲ ನನ್ನ ಭುಜ ತಟ್ಟಬೇಕು. ಯಾವ ಕಡೆಗೂ ವಾಲದೆ ನಡುವೆ ಕೂರುವುದು ತಮಗೆ ಅಭ್ಯಾಸವಿದೆ.

ಎರಡೂ ಕೊಂಡು ಒಂದನ್ನೂ ತೊಡಲಾಗದ
ತಮ್ಮ ವಿಶ್ವಾಸಿ,
ಸೆವೆರಿನ್ ಪೊಟೊಚೆಕ್

ಮರೆತ ಮಾತು: ಪತ್ರವನ್ನು ಹಲೀನಾಳಿಗೆ ಓದಿ ಹೇಳಿದೆ. ಮಲಗಿದಲ್ಲಿಂದಲೇ ಅವಳು ಅಂದದ್ದನ್ನು ಏರಿಳಿತವಿಲ್ಲದೆ ಇಲ್ಲಿ ಬರೆದಿದ್ದೇನೆ: “ಪಾಪ, ಆ ಮನುಷ್ಯನ್ನ ಯಾಕೆ ಬೈತೀಯ? ಹೆಡ್‌ಫೋನ್ ಇಲ್ದಾಗ್ಲಾದ್ರೂ ನಾನು ಕರೆದ್ರೆ ಎಷ್ಟು ಸಲ ಎದ್ದು ಬಂದಿದ್ದೀಯ, ಸೆವೆರಿನ್?”