ಪಾನೀವಾಲಿ ಮೇಡಂ

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ದೆಹಲಿಯ ಒಂದು ಸರ್ಕಾರಿ ಪ್ರಯೋಗಾಲಯದಲ್ಲಿ ಕುಡಿಯುವ ನೀರಿನಲ್ಲಿ ರೋಗಾಣು ಹುಡುಕುತ್ತಿದ್ದೆ. ಗಲ್ಲಿಗಳಲ್ಲಿ ನನ್ನನ್ನು ‘ಪಾನೀವಾಲಿ ಮೇಡಂ’, ಅಂದರೆ ನೀರಿನ ಮೇಡಂ, ಅನ್ನುತ್ತಿದ್ದರು. ರೋಗಾಣುವಾದರೂ ಒಮ್ಮೊಮ್ಮೆ ಸಿಗುತ್ತಿರಲಿಲ್ಲ. ಈ ಕೆಳಗಿನಂಥ ಪ್ರಸಂಗಗಳು ಹುಡುಕದೆಯೇ ಸಿಗುತ್ತಿದ್ದವು. ತ್ರಾಣ ಉಳಿದ ದಿನ ನಗುತ್ತಿದ್ದೆ. ಉಳಿಯದ ದಿನ ಮನೆಗೆ ಬಂದು ಮಲಗುತ್ತಿದ್ದೆ.

ತೊಳೆದ ಬಾಟಲಿ

ಒಂದು ಬೇಸಿಗೆ, ಯಮುನೆಯ ಆಚೆಯ ಒಂದು ಬಡಾವಣೆಯಲ್ಲಿ ಮನೆಮನೆಗೂ ಕಾಮಾಲೆ. ರಸ್ತೆ ಅಗೆಯುವಾಗ ಪೈಪು ಒಡೆದು ಚರಂಡಿ ನೀರು ಸೇರಿಕೊಂಡಿದೆಯೆಂಬ ಅನುಮಾನ. ಮೂರನೇ ಮಹಡಿ ಹತ್ತಿ, ಒಬ್ಬ ಆಂಟಿಗೆ ಬಾಟಲಿ ತೋರಿಸಿ, ನಲ್ಲಿ ಎಲ್ಲಿದೆ ಅಂತ ಕೇಳಿದೆ. ಅವರ ಮಗನೇ ಅರಿಸಿನದ ಬಣ್ಣಕ್ಕೆ ತಿರುಗಿ ಮಂಚದ ಮೇಲೆ ಮಲಗಿದ್ದ.

“ಬಿಸಿಲಲ್ಲಿ ಬಂದಿದ್ದೀಯ ಬೇಟಿ, ಕೂತ್ಕೋ” ಅಂತ ಬಾಟಲಿ ಕಿತ್ತುಕೊಂಡು ಒಳಗೆ ಹೋದರು. ತುಂಬಿ ತಂದ ಬಾಟಲಿ ಫಳಫಳ ಹೊಳೆಯುತ್ತಿತ್ತು.

“ಒಳಗೆ ಅದೇನೋ ಬಿಳಿ ಪುಡಿ ಅಂಟಿತ್ತು. ಸೋಪು ಹಾಕಿ ತೊಳೆದೆ.”

ನೀರಿನ ಕ್ಲೋರಿನ್ ದಾರಿಯಲ್ಲೇ ರೋಗಾಣುಗಳನ್ನು ಕೊಲ್ಲದಿರಲೆಂದು ಆ ಪುಡಿಯನ್ನು ಹಾಕಿದವಳು ನಾನೇ.

“ಹೋಗಲಿ, ನೀರು ನಲ್ಲೀದೇ ತಾನೇ?”

“ನಲ್ಲೀದೇ. ಬೆಳಿಗ್ಗೆ ಚೆನ್ನಾಗಿ ಕುದಿಸಿ ಆರಿಸಿದ್ದು.”

“ಆಂಟಿ, ನನಗೆ ಕೆಟ್ಟ ನೀರೇ ಬೇಕು!”

ಆಂಟಿ ದನಿ ತಗ್ಗಿಸಿದರು. “ಮಗಳಿಗೆ ಗಂಡು ನೋಡ್ತಿದ್ದೀವಿ. ನಮ್ಮನೆ ನೀರು ಫೇಲಾಯ್ತು ಅಂದರೆ ಜನ ಏನಂದ್ಕೋತಾರೆ? ಕೆಟ್ಟದ್ದೇ ಬೇಕಿದ್ದರೆ ಎದುರು ಮನೆಗೆ ಹೋಗು. ಅವರದ್ದು ತುಂಬಾ ಕೆಟ್ಟದ್ದು.”

ಮಗು ಯಾರು ನೋಡ್ಕೋತಾರೆ?

ನನ್ನ ಗಂಡನೂ ಅದೇ ಪ್ರಯೋಗಾಲಯದವರು. ಒಂದೇ ಹುದ್ದೆಯ ಬಡ್ತಿಗೆ ಇಬ್ಬರೂ ಅರ್ಜಿ ಹಾಕಿದ್ದೆವು. ಸಂದರ್ಶನದ ದಿನವೇ ಶಿಶುವಿಹಾರಕ್ಕೆ ರಜೆ. ನಾಲ್ಕು ವರ್ಷದ ಮಗಳನ್ನು ಕರೆದುಕೊಂಡೇ ಹೋದೆವು. ಅವರು ಒಳಗಿದ್ದಾಗ ನಾನು ಬೆಂಚಿನ ಮೇಲೆ ಮಗಳನ್ನು ಹಿಡಿದಿದ್ದೆ, ನಾನು ಒಳಗೆ ಹೋಗುವಾಗ ಅವರ ಕೈಗೆ ಕೊಟ್ಟೆ. ಬಾಗಿಲಲ್ಲೇ “ಏನು ಕೇಳಿದರು ರೀ?” ಅಂದೆ. “ಕಾಲರಾ ನಿಯಂತ್ರಣ” ಅಂದರು.

ಒಳಗೆ ಐದು ಜನ ಗಂಡಸರು. ಕಾಲರಾ ಬಗ್ಗೆ ಯಾರೂ ಉಸಿರೆತ್ತಲಿಲ್ಲ. “ಮೇಡಂ, ಈ ಹುದ್ದೆಯಲ್ಲಿ ಓಡಾಟ ಜಾಸ್ತಿ. ಮಗು ಯಾರು ನೋಡ್ಕೋತಾರೆ?” ಅಂದರು ಅಧ್ಯಕ್ಷರು.

“ಸದ್ಯಕ್ಕೆ ಅವಳಪ್ಪ, ಸರ್. ಹೊರಗಿದ್ದಾರೆ.”

ಸರಿಯಾಗಿ ಆಗಲೇ ಬಾಗಿಲಾಚೆಯಿಂದ ನನ್ನ ಮಗಳ ಕೂಗು: “ಪಾಪಾ, ಸುಸು ಆಯಾ!”

ಅಧ್ಯಕ್ಷರು ಪೆನ್ನು ಕೆಳಗಿಟ್ಟು, “ಹೋಗಿ ಬನ್ನಿ ಮೇಡಂ, ಕಾಯ್ತೀವಿ” ಅಂದರು.

“ಅವಳು ಕರೆದದ್ದು ಅವಳಪ್ಪನನ್ನ, ಸರ್.”

“ಅವರಿಗೆ ಇದೆಲ್ಲ ಹೇಗೆ ಗೊತ್ತಾಗುತ್ತೆ?”

“ಅರ್ಧ ಗಂಟೆ ಮುಂಚೆ ಇಡೀ ಊರಿನ ಕಾಲರಾ ನಿಯಂತ್ರಿಸ್ತೀನಿ ಅಂತ ಹೇಳಿ ಹೋಗಿದ್ದಾರಲ್ಲ ಸರ್. ಇಷ್ಟು ನಿಯಂತ್ರಿಸ್ತಾರೆ.”

ಹುದ್ದೆ ಅವರಿಗೇ ಸಿಕ್ಕಿತು. ಅಭಿನಂದಿಸಲು ಬಂದವರಿಗೆ ಚಹಾ ಮಾಡಿದ್ದೂ ಅವರೇ. ನಾನು ಕುರ್ಚಿಯಿಂದ ಏಳಲಿಲ್ಲ.

ಮಹಿಳಾ ದಿನ

ಒಂದು ಮಾರ್ಚ್ ತಿಂಗಳಲ್ಲಿ ನಮ್ಮ ನಿರ್ದೇಶಕರಿಗೆ ಮಹಿಳಾ ದಿನ ಆಚರಿಸುವ ಹುಮ್ಮಸ್ಸು ಬಂತು. ವಿಷಯ, ‘ವಿಜ್ಞಾನದಲ್ಲಿ ಮಹಿಳೆ’. ಭಾಷಣಕಾರರು ಆರು ಮಂದಿ, ಆರೂ ಗಂಡಸರು. ವಿಜ್ಞಾನದಲ್ಲಿದ್ದ ಏಳು ಮಹಿಳೆಯರಿಗೆ ರಂಗೋಲಿ, ಹೂಗುಚ್ಛ, ಸಮೋಸಾ ಹಂಚುವ ಕೆಲಸ. “ನೀವು ಮಾಡಿದರೆ ಅಚ್ಚುಕಟ್ಟು” ಅಂದರು. ಒಬ್ಬರು ಮಹಿಳೆಯರ ತಾಳ್ಮೆಯ ಬಗ್ಗೆ ಒಂದೂವರೆ ಗಂಟೆ ಮಾತಾಡಿ ಅದನ್ನು ಪರೀಕ್ಷಿಸಿಯೂ ಬಿಟ್ಟರು.

ಮರುದಿನ ನಿರ್ದೇಶಕರು ಬರಲಿಲ್ಲ. ಭಾಷಣಕಾರರೂ ಎದ್ದಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವರವರ ಡ್ರೈವರುಗಳು ಸಂಕೋಚದಿಂದ ಏಳು ಪುಟ್ಟ ಡಬ್ಬಿಗಳನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಒಂದೊಂದರ ಮೇಲೂ ಹೆಸರು, ಪದವಿ, ಹುದ್ದೆ. ಅಷ್ಟು ದೊಡ್ಡವರ ಮಲಪರೀಕ್ಷೆ ಮಾಡುವ ಭಾಗ್ಯ ಅಲ್ಲಿಯವರೆಗೆ ನನಗೆ ಬಂದಿರಲಿಲ್ಲ.

ಮೂರನೇ ದಿನ ನಿರ್ದೇಶಕರೇ ಫೋನ್ ಮಾಡಿದರು. ದನಿ ಸೋತಿತ್ತು. “ಏನು ಸಿಕ್ಕಿತು ಮೇಡಂ?”

“ಏಳರಲ್ಲೂ ಒಂದೇ ಬ್ಯಾಕ್ಟೀರಿಯಾ, ಸರ್. ಸಮೋಸಾ ಜೊತೆ ಕೊಟ್ಟ ಹಸಿರು ಚಟ್ನಿಯ ಬಟ್ಟಲಲ್ಲೂ ಅದೇ. ಕ್ಯಾಂಟೀನಿನವನು ಚಟ್ನಿಗೆ ಬೆರೆಸಿದ ನೀರು ನಮ್ಮ ಮಾಳಿಗೆಯ ಟ್ಯಾಂಕಿಂದು.”

“ಆ ಟ್ಯಾಂಕ್ ಪರೀಕ್ಷೆ ಮಾಡೋದಿಲ್ವಾ ನೀವು?”

“ಜನವರಿಯಲ್ಲೇ ಮಾಡಿದ್ದೆ ಸರ್. ಕುಡಿಯೋಕೆ ಯೋಗ್ಯವಲ್ಲ ಅಂತ ಬರೆದುಕೊಟ್ಟೆ. ‘ಹೆಂಗಸರು ಎಲ್ಲದಕ್ಕೂ ಗಾಬರಿ ಬೀಳ್ತಾರೆ’ ಅಂತ ನೀವು ಫೈಲು ಪಕ್ಕಕ್ಕಿಟ್ಟಿರಿ.”

ಆಮೇಲೆ, ಪಾಪ, ಏನಾದರೊಂದು ಕೇಳಬೇಕಲ್ಲ ಅಂತ ಕೇಳಿದರು: “ನಿಮಗ್ಯಾರಿಗೂ ಏನೂ ಆಗಲಿಲ್ವಾ?”

“ಇಲ್ಲ ಸರ್. ಚಟ್ನಿ ವೇದಿಕೆ ಮೇಲಿದ್ದವರಿಗಷ್ಟೇ ಸಾಕಾಯಿತು. ನಮ್ಮ ಸರದಿ ಬರಲೇ ಇಲ್ಲ.”