ಕಾಲಾಳುಗಳ ಕಾಲಡಿಯ ಪ್ರಶ್ನೆ

ಥಟ್ಟನೆ ತೀರ್ಮಾನ ಮಾಡುವವರನ್ನು ಕಂಡರೆ ನನಗೆ ಒಳಗೊಳಗೇ ಭಯ. ಹೋಟೆಲಿನಲ್ಲಿ ಕುರ್ಚಿ ಎಳೆದು ಕೂರುವ ಮೊದಲೇ ‘ಒಂದು ಖಾಲಿ ದೋಸೆ’ ಎಂದುಬಿಡುವವರು ಮನುಷ್ಯರೇ ಇರಬೇಕು, ಆದರೆ ನನ್ನ ಜಾತಿಯವರಲ್ಲ. ನಾನು ಎದುರಿನವರ ತಟ್ಟೆ ನೋಡಿ, ಪಕ್ಕದವರ ತಟ್ಟೆ ನೋಡಿ, ಕೊನೆಗೆ ಬೇಸತ್ತ ಮಾಣಿ ತಾನೇ ಏನೋ ಒಂದು ತಂದಿಟ್ಟಾಗ ಕೃತಜ್ಞತೆಯಿಂದ ತಿನ್ನುವವನು. ನಮ್ಮ ಮದುವೆಯೂ ಹೆಚ್ಚುಕಡಿಮೆ ಹೀಗೇ ಆಯಿತೆಂದು ನನ್ನ ಹೆಂಡತಿ ವಸುಧಾ ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ. ಇಂಥವನ ಕೈಗೆ ಒಂದು ಸೈನ್ಯ ಸಿಕ್ಕಿಬಿಟ್ಟಿತು ನೋಡಿ, ಅಲ್ಲಿಂದ ಶುರುವಾಯಿತು ತಾಪತ್ರಯ.

ಸೈನ್ಯವೆಂದರೆ ಗಾಬರಿಯಾಗಬೇಡಿ. ನನ್ನ ಸೈನಿಕರು ಹೆಬ್ಬೆರಳಿನ ಗೆಣ್ಣಿಗಿಂತ ಎತ್ತರವಿಲ್ಲ. ಊಟದ ಮೇಜಿನ ಮೇಲೆ ಎರಡು ಕಡೆಯವರನ್ನೂ ನಿಲ್ಲಿಸಿ, ದರ್ಜಿಯ ಟೇಪಿನಲ್ಲಿ ದೂರ ಅಳೆದು, ದಾಳ ಉರುಳಿಸಿ ಯುದ್ಧ ಮಾಡುವ ಆಟ ಇದು. ನಮ್ಮ ಜೆ.ಪಿ. ನಗರದ ಮನೆಯ ಬಾಲ್ಕನಿಯಲ್ಲಿ ಕೂತು, ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು, ಹಳೇ ಮೈಸೂರಿನ ಕಾಲಾಳುಗಳಿಗೆ ಪೇಟ, ನಡುಕಟ್ಟು, ಮೀಸೆ ಎಲ್ಲ ನಾನೇ ಬರೆದೆ. ಒಬ್ಬನಿಗೆ ಬರೆಯುವಾಗ ಕುಂಚ ಜಾರಿ ಮೀಸೆ ಕಿವಿಯವರೆಗೂ ಹೋಯಿತು. ಅವನಿಗೆ ಆ ಕ್ಷಣವೇ ಸುಬೇದಾರನಾಗಿ ಬಡ್ತಿ ಕೊಟ್ಟೆ. ಇಷ್ಟೆಲ್ಲ ಆದರೂ ಸೈನಿಕರು ನಿಲ್ಲುತ್ತಿರಲಿಲ್ಲ. ಫ್ಯಾನ್ ಹಾಕಿದರೆ ಸಾಕು, ಶತ್ರುವಿನ ಹಂಗಿಲ್ಲದೆ ಇಡೀ ಪಡೆ ಅಂಗಾತ ಬೀಳುತ್ತಿತ್ತು.

ಬೀಳದಿರಬೇಕಾದರೆ ಅವರ ಕಾಲಡಿಗೆ ಒಂದು ಬೇಸ್ ಅಂಟಿಸಬೇಕು, ಅಂದರೆ ಸಣ್ಣದೊಂದು ಚಪ್ಪಟೆ ಹಲಗೆ. ಒಬ್ಬೊಬ್ಬನಿಗೂ ಒಂದೊಂದು ಅಂಟಿಸಿದರೆ ಸತ್ತವನನ್ನು ಮಾತ್ರ ಎತ್ತಿ ಪಕ್ಕಕ್ಕಿಡಬಹುದು. ಆದರೆ ಪಡೆಯನ್ನು ಒಂದು ಗೇಣು ಮುಂದೆ ಸರಿಸಲು ಅರ್ಧ ಬೆಳಗ್ಗೆ ಬೇಕು. ಸಾಲಾಗಿ ಒಂದೇ ಉದ್ದನೆಯ ಬೇಸಿಗೆ ಅಂಟಿಸಿದರೆ ಪಡೆ ಗಂಭೀರವಾಗಿ ಒಟ್ಟಿಗೆ ಸಾಗುತ್ತದೆ; ಆದರೆ ಸಾಯುವುದೂ ಒಟ್ಟಿಗೇ, ಇಡೀ ಸಾಲನ್ನೇ ಎತ್ತಬೇಕು. ನನಗೆ ಸೋಮವಾರ ಒಂಟಿ ಬೇಸ್ ಸರಿ ಅನಿಸುತ್ತಿತ್ತು. ಬುಧವಾರದ ಹೊತ್ತಿಗೆ ಸಾಲಿನ ಬೇಸ್ ಇಲ್ಲದೆ ಬದುಕೇ ವ್ಯರ್ಥವೆನಿಸುತ್ತಿತ್ತು.

ನನ್ನ ಎದುರಾಳಿ ನಾಗರಾಜ, ಕಾಲೇಜಿನಿಂದಲೂ ಗೆಳೆಯ. ಪ್ರತಿ ಭಾನುವಾರ ಗಿರಿನಗರದಿಂದ ಸ್ಕೂಟರಿನಲ್ಲಿ ಬರುತ್ತಾನೆ. ಅವನ ಸೈನ್ಯ ಒಂದು ಸ್ವೀಟ್ ಡಬ್ಬದಲ್ಲಿ ಸಾಲಿನ ಬೇಸಿನ ಮೇಲೆ ಅಚ್ಚುಕಟ್ಟಾಗಿ ನಿಂತಿರುತ್ತದೆ. ವರ್ಷಗಳಿಂದ ಅದು ಹಾಗೇ ಬಂದು, ಬೇಸಿನ ವಾದ ಕೇಳಿಸಿಕೊಂಡು, ಒಂದು ಗುಂಡನ್ನೂ ಹಾರಿಸದೆ ವಾಪಸು ಹೋಗುತ್ತಿತ್ತು. ನಾವಿಬ್ಬರೂ ಎರಡು ಸುತ್ತು ಕಾಫಿ ಕುಡಿದು, ಗಂಟಲು ಹರಿದುಕೊಂಡು, ಪುಟ್ಟೇನಹಳ್ಳಿ ಕೆರೆಯ ಸುತ್ತ ನಡೆಯುತ್ತಲೂ ಅದನ್ನೇ ಮಾತಾಡುತ್ತಿದ್ದೆವು. ಹೀಗೇ ನಡೆದುಕೊಂಡು ಹೋಗುತ್ತದೆ ಎಂದುಕೊಂಡಿದ್ದೆ. ದಸರೆಗೆ ಮುಂಚೆ ಒಂದು ದಿನ ನಾಗರಾಜ ಲೋಟ ಕೆಳಗಿಟ್ಟು ಹೇಳಿದ:

“ಮಗಾ, ಬೇಜಾರ್ ಮಾಡ್ಕೋಬೇಡ. ಬಿಟಿಎಂನಲ್ಲಿ ಹುಡುಗ್ರು ಒಂದು ಗುಂಪು ಮಾಡ್ಕೊಂಡಿದಾರೆ. ಅವ್ರು ನಿಜವಾಗ್ಲೂ ಆಟ ಆಡ್ತಾರೆ ಗುರು, ನಿನ್ ತರ ಯೋಚ್ನೆ ಮಾಡ್ತಾ ಕೂರಲ್ಲ. ಬರೋ ಭಾನುವಾರ ನಿನ್ ಸೈನ್ಯ ರೆಡಿ ಇಲ್ಲಾಂದ್ರೆ ನಾನು ಅಲ್ಲಿಗೆ ಹೋಗ್ತೀನಿ.”

ಯುದ್ಧ ಹೋದರೆ ಹೋಗಲಿ, ಆದರೆ ನಾಗರಾಜನಿಲ್ಲದ ಭಾನುವಾರವನ್ನು ನಾನು ಏನು ಮಾಡಲಿ? ನನಗೆ ಅವನಷ್ಟು ಬೈಯುವ ಗೆಳೆಯ ಬೇರೊಬ್ಬನಿಲ್ಲ. ಆ ವಾರವಿಡೀ ಕಛೇರಿಯಲ್ಲಿ ಕಡತ ತೆರೆದರೆ ಒಂಟಿ ಬೇಸ್, ಮುಚ್ಚಿದರೆ ಸಾಲಿನ ಬೇಸ್. ಶನಿವಾರ ಮನೆಗೆ ಬಂದು, ಇವತ್ತು ಏನಾದರಾಗಲಿ ಎಂದು ಗೋಂದು ಕೈಗೆತ್ತಿಕೊಂಡು ನೋಡುತ್ತೇನೆ, ಸೈನ್ಯವೇ ಇಲ್ಲ!

ನಡುಮನೆಯಲ್ಲಿ ವಸುಧಾ ದಸರಾ ಗೊಂಬೆ ಕೂರಿಸಿದ್ದಳು. ಮೇಲಿನ ಮೆಟ್ಟಿಲಿನಲ್ಲಿ ಅವಳ ತವರಿನಿಂದ ಬಂದ ಪಟ್ಟದ ಗೊಂಬೆಗಳು, ರಾಜ ರಾಣಿ. ಕೆಳಗಿನ ಮೆಟ್ಟಿಲಿನಲ್ಲಿ ಜಂಬೂಸವಾರಿಯ ಆನೆ. ಆನೆಯ ಹಿಂದೆ ಮುಂದೆ, ಹಸಿರು ಬಣ್ಣದ ಮರದ ಹೊಟ್ಟು ಉದುರಿಸಿದ ಪುಟ್ಟ ರಟ್ಟುಗಳ ಮೇಲೆ, ನನ್ನ ಕಾಲಾಳುಗಳು. ಇಬ್ಬಿಬ್ಬರು!

“ಇದೇನೇ ಮಾಡಿದ್ದೀಯ?” ಎಂದೆ. ದನಿ ಕೀರಲಾಗಿತ್ತು.

“ಬಿದ್ದು ಬಿದ್ದು ಹೋಗ್ತಿದ್ರು ಪಾಪ. ಹಳೇ ಮದುವೆ ಕಾರ್ಡ್ ಕತ್ತರಿಸಿ ಅಂಟಿಸ್ದೆ. ಚೆನ್ನಾಗಿಲ್ವಾ?”

“ಅಲ್ಲ, ಇಬ್ಬಿಬ್ಬರನ್ನ ಯಾಕೆ? ಒಂದೋ ಒಬ್ಬೊಬ್ಬರು, ಇಲ್ಲ ಸಾಲು!”

“ಪಟ್ಟದ ಗೊಂಬೆ ಮುಂದೆ ಯಾರನ್ನಾದ್ರೂ ಒಂಟಿಯಾಗಿ ನಿಲ್ಲಿಸ್ತಾರೇನ್ರೀ? ನಮ್ಮಮ್ಮನ ಮನೇಲಿ ದ್ವಾರಪಾಲಕರಿಂದ ಹಿಡಿದು ಗಿಣಿವರೆಗೂ ಎಲ್ಲಾ ಜೋಡೀನೇ.”

ಕೀಳಲು ಕೈ ಚಾಚಿದೆ. ಕೂರಿಸಿದ ಗೊಂಬೆಯನ್ನು ಹಬ್ಬ ಮುಗಿಯುವವರೆಗೂ ಕದಲಿಸುವಂತಿಲ್ಲ ಎಂದು ಅವಳು ಬರೀ ಕಣ್ಣಿನಲ್ಲೇ ನೆನಪಿಸಿದಳು. ಸುಬೇದಾರನ ಜೋಡಿ ಯಾರೆಂದು ಮಾತ್ರ ನೋಡಿಕೊಂಡೆ. ಮೀಸೆಯೇ ಇಲ್ಲದ ಒಬ್ಬ ಹೊಸಬ.

ಮರುದಿನ ನಾಗರಾಜ ಡಬ್ಬದ ಸಮೇತ ಬಂದ. ನೋಡಿದವನೇ ನಕ್ಕು ನಕ್ಕು ಸೋಫಾದ ಮೇಲೆ ಕುಸಿದ. ಆಮೇಲೆ ಗೊಂಬೆ ನೋಡಲು ಬಂದ ಪಕ್ಕದ ಮನೆಯ ಆಂಟಿಯರಿಗೆ ಈ ಪಡೆ ಯಾವುದು, ಬಂದೂಕು ಎಂಥದು ಎಂದೆಲ್ಲ ತಾನೇ ಮುಂದೆ ನಿಂತು ವಿವರಿಸಿದ. ಅವರಲ್ಲೊಬ್ಬರು “ನಿಮ್ಮ ಫ್ರೆಂಡ್‌ಗೆ ಎಷ್ಟು ತಾಳ್ಮೆ ಸಾರ್” ಎಂದದ್ದಕ್ಕೆ “ನನ್ ತಾಳ್ಮೆ ನಿಮಗೆ ಗೊತ್ತಿಲ್ಲ ಮೇಡಂ” ಎಂದ. ವಸುಧಾ ಕೊಟ್ಟ ಕಡಲೆಕಾಳು ಉಸಲಿ ಎರಡು ಬಾರಿ ಹಾಕಿಸಿಕೊಂಡು, “ಅತ್ತಿಗೆ ಮುಖ ನೋಡ್ಕೊಂಡು ಬಿಡ್ತಿದೀನಿ. ಹಬ್ಬ ಮುಗಿದ ಭಾನುವಾರ ಯುದ್ಧ. ಬೇಸ್ ಹೇಗಾದ್ರೂ ಇರ್ಲಿ, ಆಡೋದೇ” ಎಂದು ಹೋದ.

ಹಬ್ಬ ಮುಗಿಯಿತು, ಯುದ್ಧದ ಭಾನುವಾರವೂ ಬಂತು. ಊಟದ ಮೇಜಿನ ಮೇಲೆ ಕಡೆಗೂ ಎರಡು ಸೈನ್ಯಗಳು ಮುಖಾಮುಖಿ ನಿಂತವು. ನನಗೆ ಸಂತೋಷವೂ ಇತ್ತು, ಏನೋ ಒಂದು ಬೇಸರವೂ ಇತ್ತು. ಆಡಿ ಮುಗಿಸಿದ ಮೇಲೆ ಇನ್ನು ಮಾತಾಡುವುದೇನು ಎಂಬ ಬೇಸರ. ನಾಗರಾಜ ಟೇಪು ಹಿಡಿದು ಅಳೆದ, ದಾಳ ಉರುಳಿಸಿದ, ಕೇಕೆ ಹಾಕಿದ.

“ನಿನ್ನವನೊಬ್ಬ ಸತ್ತ. ತೆಗಿ!”

ಎತ್ತಿದೆ. ಇಬ್ಬರೂ ಬಂದರು. ಒಬ್ಬನನ್ನು ಬಿಡಿಸಲು ಉಗುರಿನಿಂದ ಮೀಟಿದೆ. ವಸುಧಾ ತನ್ನ ಜಂಬೂಸವಾರಿಯ ಮಣ್ಣಿನ ಆನೆಗೆ ಮುರಿದ ಸೊಂಡಿಲನ್ನೇ ಕೂರಿಸಿದ್ದ ಗೋಂದು ಅದು, ಜಪ್ಪಯ್ಯ ಎಂದರೂ ಬಿಡಲಿಲ್ಲ.

“ಬೇಸ್ ಎದ್ರೆ ಇಬ್ರೂ ಸತ್ತಂಗೆ” ಎಂದ ನಾಗರಾಜ.

“ಅದ್ಹೇಗೋ? ಪೆಟ್ಟು ಬಿದ್ದಿದ್ದು ಒಬ್ಬನಿಗೆ. ಬೇಸ್ ಪೂರ್ತಿ ಸಾಯೋವರೆಗೂ ಇಬ್ರೂ ಇರ್ತಾರೆ!”

“ಸತ್ತವನು ನಿಂತ್ಕೊಂಡು ಗುಂಡು ಹೊಡೀತಾನಾ?”

“ಬದುಕಿರೋನನ್ನ ನೀನು ಯಾವ ಲೆಕ್ಕದಲ್ಲಿ ಸಾಯಿಸ್ತೀಯ?”

ದಾಳಗಳು ಮೂಲೆ ಸೇರಿದವು. ವಸುಧಾ ಕಾಫಿ ತಂದಿಟ್ಟು, ನಮ್ಮಿಬ್ಬರ ಮುಖ ನೋಡಿ, ಎರಡನೇ ಸುತ್ತಿಗೆ ಹಾಲು ಕಾಯಿಸಲು ಒಳಗೆ ಹೋದಳು. ಎರಡನೇ ಸುತ್ತಿನ ಕಾಫಿಯೂ ಆಯಿತು. ಕೆರೆಯ ಸುತ್ತ ನಡೆಯುತ್ತ ನಾಗರಾಜ ಕೈ ಬೀಸಿ ಬೀಸಿ ವಾದಿಸಿದ ರಭಸಕ್ಕೆ ವಾಕಿಂಗಿನ ಅಂಕಲ್‌ಗಳು ದಾರಿ ಬಿಟ್ಟರು. ಬಿಟಿಎಂ ಹುಡುಗರ ಹೆಸರು ಅವನ ಬಾಯಲ್ಲಿ ಒಮ್ಮೆಯೂ ಬರಲಿಲ್ಲ. ಗೇಟಿನ ಬಳಿ ಸ್ಕೂಟರ್ ಶುರು ಮಾಡಿ, “ಮುಂದಿನ ವಾರ ಬರ್ತೀನಿ, ಇದೊಂದು ತೀರ್ಮಾನ ಆಗ್ಲೇಬೇಕು” ಎಂದು ಗುಡುಗಿ ಹೋದ.

ಅವನು ಹೇಳುವುದರಲ್ಲಿ ಅರ್ಥವಿದೆ ಎಂದು ಇವತ್ತು ಬೆಳಗ್ಗೆಯಿಂದ ನನಗೂ ಅನಿಸತೊಡಗಿದೆ. ಬಾಯಿ ಬಿಡುವುದಿಲ್ಲ. ಆದರೆ ಅವನೂ ಗಿರಿನಗರದಲ್ಲಿ ಕೂತು ಯೋಚಿಸಿ, ಭಾನುವಾರದೊಳಗೆ ನನ್ನ ಮಾತನ್ನು ಒಪ್ಪಿಕೊಂಡುಬಿಟ್ಟರೆ ಏನು ಗತಿ ಎಂಬುದೊಂದೇ ಚಿಂತೆ.