ಚಕ್ಕೆ ಎದ್ದ ಜೀಪು, ಹಸಿರಾದ ಎಮ್ಮೆ

ಹಳೇ ಜೀಪು ಇಟ್ಟುಕೊಂಡವರು ನಗುವುದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ವಾರಕ್ಕೊಂದು ಪ್ರಸಂಗವನ್ನು ಅದೇ ಹೊತ್ತುಕೊಂಡು ಬಂದು ಬಾಗಿಲಲ್ಲಿ ಇಳಿಸುತ್ತದೆ.

ನಾನು ಮಳವಳ್ಳಿ ಕಡೆ ದನದ ಡಾಕ್ಟ್ರು. ನಾಲೆ ಏರಿ, ಗದ್ದೆ ಬದು, ಕಬ್ಬಿನ ಗಾಡಿ ಓಡಾಡಿ ಹೊಂಡ ಬಿದ್ದ ಓಣಿ, ಎಲ್ಲಿಗೆ ಕರೆದರೂ ನಾಲ್ಕು ಚಕ್ರ ಊರಿಕೊಂಡು ಹೋಗುವ ಜೀಪು ನನ್ನದು. ನಾನೇ ಹುಡುಕಿ ಕೊಂಡದ್ದು, ನಾನೇ ಓಡಿಸುವುದು. ಇಂಜಿನ್ ಕಲ್ಲುಗುಂಡು. ಬಣ್ಣದ ವಿಷಯ ಮಾತ್ರ ಕೇಳಬಾರದು. ಬಾನೆಟ್ಟಿನ ಬಿಳಿ ಬಣ್ಣ ಬಿಸಿಲಿಗೆ ಸುಣ್ಣದ ಹಾಗೆ ಪುಡಿಯಾಗಿ ಕೈಗೆ ಮೆತ್ತುತ್ತಿತ್ತು. ಬಾಗಿಲ ಮೇಲಿನದು ಹಪ್ಪಳದ ಹಾಗೆ ಉಬ್ಬಿ, ಗೇರ್ ಬದಲಿಸಿದಾಗಲೆಲ್ಲ ಒಂದೊಂದು ಚಕ್ಕೆ ಉದುರುತ್ತಿತ್ತು.

ಅಷ್ಟರಲ್ಲಿ ನೋಂದಣಿ ನವೀಕರಣದ ವರ್ಷ ಬಂತು. ತಪಾಸಣೆಯಲ್ಲಿ ಪಾಸಾಗದಿದ್ದರೆ ಜೀಪು ಗುಜರಿಗೇ. ನಮ್ಮ ಯಜಮಾನರು ಮಂಡ್ಯದ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. "ಗುಜರಿಗೇ ಹಾಕ್ಬುಡು, ಒಂದು ಒಳ್ಳೇ ಕಾರು ತಗೊಳ್ಳಾಣ" ಅಂದರು.

"ನಿಮ್ಮ ಕಾರು ಮಳೇಲಿ ನಾಲೆ ಏರಿ ಹತ್ತುತ್ತಾ?" ಅಂದೆ.

ಸರಿ, ಬಣ್ಣ ಹೊಡೆಸಿಯೇ ಸಿದ್ಧ ಅಂತ ತೀರ್ಮಾನ ಮಾಡಿದೆ. ನಾನು ತೀರ್ಮಾನ ಮಾಡಿದ ಮೇಲೆ ಆಗದೇ ಇದ್ದದ್ದು ನಮ್ಮ ಮನೆಯಲ್ಲಿ ಏನೂ ಇಲ್ಲ.

ಮುಲಾಮು

ತೀರ್ಮಾನಕ್ಕೆ ನಿಜವಾದ ಕಾರಣ ಒಬ್ಬ ರೈತ. ಅವನ ಎತ್ತಿನ ಮೈಗೆಲ್ಲ ಕಜ್ಜಿಯಾಗಿ, ಕೂದಲು ಉದುರಿ, ಚರ್ಮ ಹೊಟ್ಟು ಹೊಟ್ಟಾಗಿ ಏಳುತ್ತಿತ್ತು. ನಾನು ನೋಡಿ, ಮುಲಾಮು ಕೊಟ್ಟು, "ದಿನಕ್ಕೆ ಎರಡು ಸಲ ಹಚ್ಚಪ್ಪ. ಹದಿನೈದು ದಿನದಲ್ಲಿ ಮೈಯೆಲ್ಲ ನುಣ್ಣಗಾಗುತ್ತೆ, ನಾನು ಗ್ಯಾರಂಟಿ" ಅಂದೆ.

ಅವನು ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದ. ಆಮೇಲೆ ನನ್ನ ಹಿಂದೆ ನಿಂತಿದ್ದ ಜೀಪನ್ನು ಬಹಳ ಹೊತ್ತು ನೋಡಿದ.

"ಡಾಕ್ಟ್ರಮ್ಮ, ತಪ್ಪು ತಿಳ್ಕಬ್ಯಾಡಿ. ಮುಲಾಮು ಅಷ್ಟು ಚೆನ್ನಾಗಿದ್ರೆ ನಿಮ್ ಜೀಪಿಗ್ಯಾಕೆ ಹಚ್ಚಿಲ್ಲ?"

ನನ್ನ ಜೊತೆ ನಮ್ಮ ಆಸ್ಪತ್ರೆಯ ಕಾಂಪೌಂಡರು ಇದ್ದರು. ನನಗಿಂತ ಹಿರಿಯರು, ನಿವೃತ್ತಿಗೆ ಬಂದವರು, ಯಾವತ್ತೂ ನಗದ ಮುಖ. ಅವರು ಗಂಭೀರವಾಗಿ ಹೇಳಿದರು: "ಎತ್ತಿಗೆ ಹಚ್ಚಿ ಮಿಕ್ಕುದ್ರೆ ಮಡಗಿರು ಕಣಣ್ಣ. ಬತ್ತೀವಿ."

ಈರುಳ್ಳಿ

ಮದ್ದೂರಿನಲ್ಲಿ ಒಬ್ಬ ಪೇಂಟ್ ಮೇಸ್ತ್ರಿ ಇದ್ದಾರೆ. ಕೈ ಬಹಳ ನಯ, ಬಾಯಿ ಅಷ್ಟೇ ಒರಟು. ಜೀಪನ್ನು ಅವರ ಶೆಡ್ಡಿನ ಮುಂದೆ ನಿಲ್ಲಿಸಿದೆ. ಜೇಬಿನಿಂದ ಬ್ಲೇಡು ತೆಗೆದು ಬಾಗಿಲನ್ನು ಒಂದು ಗೇಣು ಕೆರೆದರು. ಬಿಳಿ ಬಂತು. ಅದರ ಕೆಳಗೆ ನೀಲಿ ಬಂತು. ಅದರ ಕೆಳಗೆ ಹಸಿರು. ನೋಂದಣಿ ಪುಸ್ತಕದಲ್ಲಿ ಇದ್ದದ್ದೂ ಹಸಿರೇ. ಹಿಂದಿನ ಮಾಲೀಕರೆಲ್ಲ ಕೆಳಗಿನದನ್ನು ಕೆರೆಯದೆ ಅದರ ಮೇಲೆಯೇ ಬಳಿಯುತ್ತಾ ಹೋಗಿದ್ದಾರೆ.

"ಇದು ಗಾಡಿ ಅಲ್ಲ ಡಾಕ್ಟ್ರಮ್ಮ, ಈರುಳ್ಳಿ" ಅಂದರು ಮೇಸ್ತ್ರಿ.

"ಮೇಲೆ ಇನ್ನೊಂದು ಕೋಟು ಹೊಡೆದರೆ ಆಗಲ್ವಾ?"

"ಕೆಳಗಿನ್ದು ಬುಟ್ಕೊಂಡ್ರೆ ಮೇಲಿನ್ದೂ ಅದ್ರ ಜೊತೇಲೇ ಓಯ್ತದೆ. ತಗಡು ಕಾಣೋಗಂಟ ಉಜ್ಜುಸ್ಕೊಂಡಿರಿ. ನಿಮ್ಮನೆ ತಾವ್ಕೇ ಬಂದು ಹೊಡ್ದುಕೊಡ್ತೀನಿ. ಉಜ್ಜಕ್ಕೆ ನಂಗೆ ಪುರ್ಸೊತ್ತಿಲ್ಲ."

"ಎಷ್ಟು ದಿನ ಹಿಡಿಯುತ್ತೆ?"

"ಆಳು ಗಟ್ಟಿಯಾಗಿದ್ರೆ ಇಪ್ಪತ್ತು ದಿನ."

ಹನ್ನೊಂದನೇ ದಿನ ಫೋನ್ ಮಾಡಿ, "ಉಜ್ಜಿ ಆಯ್ತು, ಬನ್ನಿ" ಅಂದೆ.

ಮೇಸ್ತ್ರಿಗೆ ನಂಬಿಕೆ ಬರಲಿಲ್ಲ. "ಅಷ್ಟು ಗಟ್ಟಿ ಆಳು ಎಲ್ಲಿ ಸಿಕ್ಕುದ್ನವ್ವ ನಿಮ್ಗೆ?"

ಹಿತ್ತಲ ಕಡೆ ನೋಡಿದೆ. ಮೂವತ್ತು ವರ್ಷ ಪರೀಕ್ಷೆ ಪೇಪರು ತಿದ್ದಿದ ನಮ್ಮ ಯಜಮಾನರು ಬನೀನಿನಲ್ಲಿ ಕೂತು ಎಮರಿ ಪೇಪರಿನಿಂದ ಹಿಂದಿನ ಬಾಗಿಲಿನ ಕೊನೇ ಮೂಲೆ ಉಜ್ಜುತ್ತಿದ್ದರು.

"ಮದುವೆ ಛತ್ರದಲ್ಲಿ" ಅಂದೆ.

ಕೆಲಸದವಳು

ಯಜಮಾನರನ್ನೇ ಉಜ್ಜಲು ಕೂರಿಸಿ ನಾನು ಹಾಯಾಗಿದ್ದೆ ಅಂತಲ್ಲ. ಬಾನೆಟ್ಟು, ಮಡ್‌ಗಾರ್ಡು ಪೂರ್ತಿ ನನ್ನದೇ. ಬೆಳಿಗ್ಗೆ ಆಸ್ಪತ್ರೆಗೆ ಹೋಗುವ ಮುಂಚೆ ಎರಡು ಗಂಟೆ, ಭಾನುವಾರ ಇಡೀ ದಿನ. ಯಜಮಾನರ ಹಳೇ ಪ್ಯಾಂಟು, ತಲೆಗೆ ಟವೆಲ್ಲು, ಮೂಗಿಗೆ ಬಟ್ಟೆ. ಮೈಯೆಲ್ಲ ಬಿಳಿ ನೀಲಿ ಪುಡಿ.

ಒಂದು ಭಾನುವಾರ ಹೀಗೇ ಉಜ್ಜುತ್ತಿದ್ದಾಗ ಒಬ್ಬ ವಯಸ್ಸಾದ ರೈತ ಮೇಕೆ ಹಿಡಿದುಕೊಂಡು ಬಂದ. ಹೊಸಬ, ನನ್ನನ್ನು ನೋಡಿದವನಲ್ಲ.

"ಲೇ ಅಮ್ಮಿ, ಡಾಕ್ಟ್ರಮ್ಮ ಅವ್ರಾ?"

"ನಾನೇ ಡಾಕ್ಟ್ರು. ಮೇಕೆಗೆ ಏನಾಗಿದೆ?"

"ತಮಾಸೆ ಆಮೇಕೆ. ಒಳಿಕ್ಕೋಗಿ ಕರಿಯಮ್ಮಿ, ಮೇಕೆ ಹೊಟ್ಟೆ ಉಬ್ಬರ್ಸ್ಕೊಂಡದೆ."

ಹೊಟ್ಟೆ ಉಬ್ಬರಿಸಿದ ಮೇಕೆ ಮುಂದೆ ವಾದ ಮಾಡುತ್ತಾ ನಿಲ್ಲಬಾರದು. ಒಳಗೆ ಓಡಿ, ಮುಖ ತೊಳೆದು, ಬಿಳಿ ಕೋಟು ಹಾಕಿಕೊಂಡು ಬಂದೆ. ಅವನು ಎದ್ದು ಕೈಮುಗಿದ. ಔಷಧಿ ಕುಡಿಸಿದೆ, ಹೊಟ್ಟೆ ನೀವಿದೆ. ಅರ್ಧ ಗಂಟೆಯಲ್ಲಿ ಮೇಕೆ ಜೋರಾಗಿ ತೇಗಿ ನಮ್ಮ ದಾಸವಾಳದ ಗಿಡ ಮೇಯಲು ಶುರು ಮಾಡಿತು.

ಹೊರಡುವಾಗ ಅವನು ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಅಂದ: "ಬಲೇ ಒಳ್ಳೇರು ಕಣವ್ವ ನೀವು. ಆದ್ರೆ ಆ ಕೆಲ್ಸದೋಳ್ನ ಒಸಿ ಬಿಗಿಯಾಗಿ ಮಡಿಕ್ಕಳಿ. ನಾನೇ ಡಾಕ್ಟ್ರು ಅಂತಾಳೆ!"

ಹೊಸ ರೋಗ

ಮೇಸ್ತ್ರಿ ಕಂಪ್ರೆಸರ್ ಸಮೇತ ಬಂದರು. ದೀಪಕ್ಕೆ, ಗಾಜಿಗೆ ಹಳೇ ಪತ್ರಿಕೆ ಅಂಟಿಸಿದರು. ಒಂದು ದಿನ ಪ್ರೈಮರು, ಮಾರನೇ ದಿನ ಹಸಿರು. ಮಧ್ಯಾಹ್ನದ ಹೊತ್ತಿಗೆ ಜೀಪು ನಾಟಿ ಮಾಡಿ ತಿಂಗಳಾದ ಭತ್ತದ ಗದ್ದೆಯ ಹಾಗೆ ಕಂಗೊಳಿಸುತ್ತಿತ್ತು. "ಒಣಗೋಗಂಟ ಯಾರೂ ಅದ್ರ ತಾವ ಸುಳೀಬ್ಯಾಡಿ" ಅಂತ ಮೇಸ್ತ್ರಿ ಕಟ್ಟಪ್ಪಣೆ ಮಾಡಿದರು. ಎಲ್ಲರೂ ಒಳಗೆ ಹೋಗಿ ಮುದ್ದೆಗೆ ಕೂತೆವು.

ಕೈ ತೊಳೆದು ಬಂದು ನೋಡಿದರೆ ಜೀಪಿನ ಎಡಗಡೆ ಒಂದು ಮಾರುದ್ದ ಬಣ್ಣವೇ ಮಾಯ. ಅದರ ಸುತ್ತ ಕರೀ ಕೂದಲು ಅಂಟಿಕೊಂಡಿದೆ. ಏನಾಯಿತು ಅಂತ ಯೋಚಿಸುವಷ್ಟರಲ್ಲಿ ಪಕ್ಕದ ಮನೆಯಾಕೆ ಎಮ್ಮೆ ಎಳೆದುಕೊಂಡು ಅಳುತ್ತಾ ಬಂದಳು.

"ಡಾಕ್ಟ್ರಮ್ಮಾ, ಬೇಗ ನೋಡಿ! ಹಗ್ಗ ಕಿತ್ಕೊಂಡು ಎಲ್ಲೋ ಹೋಗಿ ಏನೋ ತಿಂದ್ಬುಟ್ಟದೆ. ಒಂದ್ ಪಕ್ಕ ಪೂರ್ತಿ ಹಸ್ರಾಗೋಗದೆ!"

ಎಮ್ಮೆ ನೆಮ್ಮದಿಯಾಗಿ ಮೆಲುಕು ಹಾಕುತ್ತಿತ್ತು. ನವೆ ತೀರಿದ ಮುಖ. ಹೊಸ ಬಣ್ಣ ನೋಡಲು ಬಂದಿದ್ದ ಕಾಂಪೌಂಡರು ಮುಂದೆ ಬಂದು, "ಹಾಲು ಯಾವ ಬಣ್ಣ ಬತ್ತಾ ಅದವ್ವ?" ಅಂತ ಕೇಳಿದರು.

"ಬೆಳಿಗ್ಗೆ ಬೆಳ್ಳಗೇ ಇತ್ತು ಕಣಣ್ಣ" ಅಂತ ಆಕೆ ಇನ್ನೂ ಜೋರಾಗಿ ಅತ್ತಳು.

ಸಮಾಧಾನ ಮಾಡಿ, ಥಿನ್ನರ್ ಹಾಕಿದರೆ ಚರ್ಮ ಸುಡುತ್ತೆ, ಕಡಲೆಕಾಯಿ ಎಣ್ಣೆ ಹಚ್ಚಿ ಉಜ್ಜೋಣ ಅಂದೆ. ಮೇಸ್ತ್ರಿ ಮಾತ್ರ ಜೀಪನ್ನು ಬಿಟ್ಟು ಎಮ್ಮೆಯ ಸುತ್ತ ಎರಡು ಸುತ್ತು ಬಂದರು. ಕಣ್ಣು ಕಿರಿದು ಮಾಡಿ ಅದನ್ನು ಬಿಸಿಲಿಗೆ ತಿರುಗಿಸಿ ನೋಡಿದರು. ಬೇಜಾರಿನಿಂದ ಹೇಳಿದರು:

"ಜೀಪಿಗಿಂತ ಇದ್ರ ಮೇಲೇ ಫಿನಿಶಿಂಗು ಚೆನ್ನಾಗಿ ಬಂದದೆ."

ತಪಾಸಣೆ

ಎಡಗಡೆ ಮತ್ತೆ ಉಜ್ಜಿ, ಮತ್ತೆ ಹೊಡೆದದ್ದಾಯಿತು. ಕಾಂಪೌಂಡರನ್ನು ಜೊತೆಗೆ ಕರೆದುಕೊಂಡು ತಪಾಸಣೆಗೆ ಜೀಪನ್ನು ಮಂಡ್ಯಕ್ಕೆ ಒಯ್ದೆ. ಇನ್‌ಸ್ಪೆಕ್ಟರು ಬಲು ಶಿಸ್ತಿನ ಮನುಷ್ಯ. ಬ್ರೇಕು, ದೀಪ, ಹಾರನ್ನು, ಚಾಸಿ ನಂಬರು, ಒಂದನ್ನೂ ಬಿಡಲಿಲ್ಲ. ಇಲ್ಲಿ ಒಂದು ಗೀಟು ತಪ್ಪಿದರೂ ಗುಜರಿ.

ಎಡಗಡೆ ಹಿಂದಿನ ಚಕ್ರದ ಹತ್ತಿರ ಅವರು ಬಗ್ಗಿದರು. ಬಗ್ಗಿದವರು ಏಳಲೇ ಇಲ್ಲ. ನಾನೂ ಬಗ್ಗಿ ನೋಡಿದೆ. ಹಸಿರು ಬಣ್ಣದೊಳಗೆ ಮೂರು ಕೂದಲು ಉಳಿದುಬಿಟ್ಟಿದ್ದವು.

"ಏನ್ರೀ ಇದು?"

"ಎಮ್ಮೆ ಕೂದಲು ಸಾರ್" ಅಂದೆ. ಸುಳ್ಳು ಹೇಳಿ ಅಭ್ಯಾಸವಿಲ್ಲ.

"ಜೀಪಿಗ್ಯಾಕೆ?"

ನಾನು ಬಾಯಿ ತೆರೆಯುವ ಮೊದಲೇ ಕಾಂಪೌಂಡರು ಕೈಕಟ್ಟಿಕೊಂಡು ಉತ್ತರ ಕೊಟ್ಟರು: "ಮಾಗಿ ಚಳಿ ಅಲ್ವಾ ಸಾ, ಬೆಚ್ಚಗಿರ್ಲಿ ಅಂತ."

ಆ ಶಿಸ್ತಿನ ಮನುಷ್ಯ ಮಡ್‌ಗಾರ್ಡು ಹಿಡಿದುಕೊಂಡು ನಕ್ಕರು. ನಗುತ್ತಲೇ ಪಾಸು ಮಾಡಿದರು.

ಬಾಣಂತಿ ಮನೆ

ಪಾಸಾದ ಖುಷಿಗೆ ಯಜಮಾನರನ್ನು ಕೂರಿಸಿಕೊಂಡು ಹಕ್ಕಿ ನೋಡಲು ಕೊಕ್ಕರೆ ಬೆಳ್ಳೂರಿಗೆ ಹೊರಟೆ. ಬಿಸಿಲು ಜೋರಿತ್ತು. ಹೊಸ ಬಣ್ಣ ಮಾಸಬಾರದು ಅಂತ ಒಂದು ದೊಡ್ಡ ಹುಣಸೆ ಮರದ ನೆರಳು ನೋಡಿ ನಿಲ್ಲಿಸಿದೆ. "ಮೇಲೆ ಹಕ್ಕಿ ಇವೆ ಕಣೇ" ಅಂದರು ಯಜಮಾನರು. "ಇರಲಿ ಬಿಡಿ, ಅವೇನು ಎಮ್ಮೇನಾ ಮೈ ಉಜ್ಜೋಕೆ?" ಅಂದೆ.

ಒಂದು ಗಂಟೆ ಬಿಟ್ಟು ಬಂದರೆ ಜೀಪು ಪುನಃ ಬಿಳೀ ಬಣ್ಣಕ್ಕೆ ತಿರುಗಿತ್ತು.

ಎದುರು ಮನೆ ಜಗಲಿ ಮೇಲೆ ಕೂತಿದ್ದ ಅಜ್ಜಿಯೊಬ್ಬಳು ಬಿಂದಿಗೆ ನೀರು ತಂದುಕೊಟ್ಟಳು. ನಾನು ಗೊಣಗುತ್ತಾ ತೊಳೆಯುತ್ತಿದ್ದೆ. ಅಜ್ಜಿ ಸಹಿಸಲಿಲ್ಲ. "ಅವು ನಮ್ಮೂರ ಹೆಣ್ಮಕ್ಕಳು ಕಣವ್ವ, ವರ್ಸ ವರ್ಸ ಬಾಣಂತನಕ್ಕೆ ತವರಿಗೆ ಬತ್ತವೆ. ಬಾಣಂತಿ ಮನೆಗೆ ಹೊಸ ಸೀರೆ ಉಟ್ಕೊಂಡ್ ಬಂದು, ಮಗ ಉಚ್ಚೆ ಹುಯ್ದ್ಬುಡ್ತು ಅಂದ್ರೆ ಆಯ್ತದಾ?"

ಊರಿಗೆ ಬಂದ ಸ್ಕ್ವಾಡು

ಇದಾದ ವಾರಕ್ಕೆ ಬೆಳಿಗ್ಗೆ ಫೋನು. ಶಿವನಸಮುದ್ರದ ಕಡೆಯ ಒಂದು ಹಳ್ಳಿಯ ರೈತ. "ಡಾಕ್ಟ್ರಮ್ಮ, ಹಸ ಕರ ಹಾಕಕ್ಕಾಗ್ದೆ ಒದ್ದಾಡ್ತಾ ಅದೆ. ಒಂದ್ ಕಾಲು ಮಾತ್ರ ಕಾಣ್ತದೆ. ಬೇಗ ಬನ್ನಿ." ಒಂದೇ ಕಾಲು ಕಂಡರೆ ಇನ್ನೊಂದು ಮಡಚಿಕೊಂಡಿದೆ ಅಂತ. ತಡ ಮಾಡಿದರೆ ಹಸುವೂ ಇಲ್ಲ, ಕರುವೂ ಇಲ್ಲ. ಕಾಂಪೌಂಡರನ್ನು ಹತ್ತಿಸಿಕೊಂಡು ಹೊರಟೆ.

ಊರ ಬಾಗಿಲಿಗೆ ಬಂದೆವು. ಜೀಪು ಕಂಡದ್ದೇ ಕಟ್ಟೆ ಮೇಲಿದ್ದವರು ದಿಕ್ಕಾಪಾಲಾಗಿ ಓಡಿದರು. ಒಬ್ಬ ಬಿದಿರು ಗಳು ಹಿಡಿದು ಕರೆಂಟು ತಂತಿಗೆ ಹಾಕಿದ್ದ ಕೊಕ್ಕೆ ಎಳೆದು ಬಿಸಾಕಿದ. ಮೇವು ಕತ್ತರಿಸುವ ಮಿಷನ್ನು ಗಕ್ಕನೆ ನಿಂತಿತು. ಎಲ್ಲೋ ಹಾಡುತ್ತಿದ್ದ ಟೀವಿ ಅರ್ಧಕ್ಕೇ ಬಾಯಿ ಮುಚ್ಚಿತು. ಬಾಗಿಲುಗಳು ಧಡ್ ಧಡ್ ಅಂತ ಹಾಕಿಕೊಂಡವು.

ರೈತನ ಮನೆ ಮುಂದೆ ನಿಲ್ಲಿಸಿದೆ. ಅವನ ಹೆಂಡತಿ ಬಾಗಿಲಿಗೆ ಅಡ್ಡ ನಿಂತು, "ಅವ್ರು ಊರಲ್ಲೇ ಇಲ್ಲ ಮೇಡಂ" ಅಂದಳು.

"ನಾನು ಕಣಮ್ಮ, ದನದ ಡಾಕ್ಟ್ರು!"

"ಸುಳ್ಳು. ನಮ್ ಡಾಕ್ಟ್ರಮ್ಮಂದು ಚಕ್ಕೆ ಎದ್ದೋಗಿರೋ ಬಿಳೀ ಜೀಪು."

ಕಾಂಪೌಂಡರ ಮುಖ ನೋಡಿದ ಮೇಲೆ ನಂಬಿ ಒಳಗೆ ಬಿಟ್ಟಳು. ಹಸು ಸೋತು ಮಲಗಿತ್ತು. ಕೈಗೆ ಎಣ್ಣೆ ಹಚ್ಚಿಕೊಂಡು ಮಡಚಿದ ಕಾಲನ್ನು ನೇರ ಮಾಡಿದೆ. ಇನ್ನು ಎಳೆಯಬೇಕು. ಕಾಂಪೌಂಡರೊಬ್ಬರ ಬಲ ಸಾಲದು. ಊರಲ್ಲಿ ಒಂದು ನರಪಿಳ್ಳೆಯೂ ಇಲ್ಲ. ರೈತನ ನಂಬರಿಗೆ ಫೋನ್ ಮಾಡಿಸಿ ಕಿವಿಗೆ ಹಿಡಿಸಿಕೊಂಡೆ.

ಹಿತ್ತಲ ಹುಲ್ಲಿನ ಮೆದೆಯೊಳಗಿಂದ ಫೋನಿನ ಹಾಡು ಕೇಳಿಸಿತು. ಥಟ್ಟನೆ ನಿಂತಿತು. ಕಿವಿಯಲ್ಲಿ ಪಿಸುಮಾತು ಬಂತು.

"ಡಾಕ್ಟ್ರಮ್ಮ, ಈಗ್ಲೇ ಬರ್ಬ್ಯಾಡಿ. ಕರೆಂಟ್ ಕಳ್ಳತನ ಹಿಡಿಯೋ ಸ್ಕ್ವಾಡ್ ಬಂದು ನಮ್ಮನೆ ಮುಂದೇ ನಿಂತದೆ. ಅದೇ ಅವ್ರ ಹಸ್ರು ಜೀಪು. ಒಬ್ಬಳು ಹೆಂಗ್ಸು ಆಪೀಸರ್. ನಡಿಗೆ ನೋಡುದ್ರೇ ಗೊತ್ತಾಯ್ತದೆ, ಬಲು ಕಟುಕಿ ಇರ್ಬೇಕು!"

"ಆ ಕಟುಕಿ ನಾನೇ ಕಣಯ್ಯಾ!" ಅಂತ ಕೂಗಿದೆ. "ನಿನ್ನ ಹಸು ಹತ್ತಿರಾನೇ ಕೂತಿದ್ದೀನಿ. ಬಂದು ಕರು ಎಳಿ!"

ಮೆದೆ ಅಲುಗಾಡಿತು. ತಲೆ ತುಂಬ ಹುಲ್ಲು ಹೊತ್ತು ರೈತ ಹೊರಗೆ ಬಂದ. ಅವನ ಹಿಂದೆ ಅದೇ ಮೆದೆಯಿಂದ ಇನ್ನೂ ಮೂವರು ಬಂದರು. ಒಳ್ಳೆಯದೇ ಆಯಿತು. ನಾಲ್ಕು ಜನ ನಾನು ಹೇಳಿದ ಹದಕ್ಕೆ ಎಳೆದರು. ಕರು ಜಾರಿಕೊಂಡು ಈಚೆ ಬಂತು, ಸೀನಿತು, ತಲೆ ಎತ್ತಿತು. ಹೆಣ್ಣು ಕರು. ಹಸು ತಿರುಗಿ ನೆಕ್ಕಲು ಶುರು ಮಾಡಿತು.

ಕೈ ತೊಳೆಯುವಷ್ಟರಲ್ಲಿ ಊರಿಗೆ ಊರೇ ಅಂಗಳದಲ್ಲಿ ಸೇರಿತ್ತು. ಎಲ್ಲರೂ ಜೀಪಿನ ಮೈ ಸವರಿ ಸವರಿ ನೋಡಿದರು. ರೈತ ಎಳನೀರು ಕೊಚ್ಚಿ ಕೈಗೆ ಕೊಟ್ಟ. ಆಮೇಲೆ ತಲೆ ಕೆರೆದುಕೊಂಡು ನಿಂತ.

"ಬಣ್ಣ ಬಲು ಚೆನ್ನಾಗದೆ ಡಾಕ್ಟ್ರಮ್ಮ, ದೂಸ್ರಾ ಮಾತಿಲ್ಲ. ಆದ್ರೆ ಇನ್ಮೇಲೆ ಬರೋವಾಗ ಊರ ಆಚ್ಗೇ ನಿಂತು ಒಂದ್ ಫೋನ್ ಮಾಡ್ಬುಡಿ. ಇಲ್ದಿದ್ರೆ ನೀವು ಬಂದಾಗಲೆಲ್ಲ ಊರ್ಗೇ ಕರೆಂಟ್ ಓಯ್ತದೆ."